ಒಂದೇ ಹಗ್ಗದ ತೊಟ್ಟಿಲು

ಬೈಲಹೊಂಗಲ,
ರವಿವಾರ, ೧೪ ಮಾರ್ಚ್ ೧೯೯೯

ಚಿ. ಸೌ. ರಾಜೇಶ್ವರಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯಬೇಕು. ನಿಮ್ಮವ್ವನ ಎಡ ಮೊಣಕಾಲನ್ನು ಬಿಟ್ಟರೆ ಅದು ನಿಜವೂ ಹೌದು. ಹೋದ ವಾರ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕುಟ್ಟಿ ಡಬ್ಬಿಗೆ ತುಂಬಿಟ್ಟಿದ್ದಾಳೆ. ರಾಮದುರ್ಗದ ಕಡೆ ಹೋಗುವವರು ಯಾರಾದರೂ ಸಿಕ್ಕರೆ ಕಳಿಸುತ್ತಾಳಂತೆ. ಅಳಿಯ ಮಹಾದೇವ ಅವರ ಕೆಮ್ಮು ಹೇಗಿದೆ? ಮಧುವಿನ ಮುಂದಿನ ಹಲ್ಲು ಬಂದವೇ, ಇನ್ನೂ ಬೊಚ್ಚು ಬಾಯಿಯಲ್ಲೇ ನಗುತ್ತಾಳೆಯೇ?

ನೀನು ಸಂಕ್ರಾಂತಿಗೆ ಬರೆದ ಪತ್ರಕ್ಕೆ ಹೋಳಿಯ ಬಣ್ಣ ತೊಳೆದುಕೊಂಡ ಮೇಲೆ ಉತ್ತರ ಬರೆಯುತ್ತಿದ್ದೇನೆ, ಕ್ಷಮಿಸು. ಶಾಲೆಯ ಕೆಲಸವಿತ್ತು, ಪರೀಕ್ಷೆ ಹತ್ತಿರ ಬಂತು ಎಂದು ನೆಪ ಹೇಳಬಹುದಿತ್ತು. ಖರೆ ಸಂಗತಿ ಅಂದರೆ ನನಗೆ ಸಿಟ್ಟು ಬಂದಿತ್ತು. ಮಧು ಗೋಡೆ ತುಂಬ ಇದ್ದಿಲಿನಿಂದ ಚಿತ್ರ ಬರೆಯುತ್ತಾಳೆ ಎಂದು ಕೇಳಿ ನಾನು ಎಷ್ಟು ಹಿಗ್ಗಿ ಬರೆದಿದ್ದೆ! ಬೇಸಿಗೆ ರಜೆಗೆ ಅವಳನ್ನು ಇಲ್ಲಿ ಬಿಡು, ಎರಡು ತಿಂಗಳಲ್ಲಿ ಕೈ ತಿದ್ದಿ ಕಳಿಸುತ್ತೇನೆ ಎಂದಿದ್ದೆ. ಅದಕ್ಕೆ ನೀನು ಬರೆದದ್ದು ಎರಡೇ ಸಾಲು. "ರಜಾಕ್ಕ ಮಧೂನ್ನ ಕಳಸಾಂಗಿಲ್ಲ ಅಪ್ಪಾ. ಅಕಿ ಕೈ ಯಾರೂ ತಿದ್ದೂದು ಬ್ಯಾಡ."

ಮೂವತ್ತಾರು ವರ್ಷ ಡ್ರಾಯಿಂಗ್ ಮಾಸ್ತರಕಿ ಮಾಡಿದವನಿಗೆ ಸ್ವಂತ ಮಗಳು ಹೀಗೆ ಬರೆದರೆ ಹೇಗಾಗಬೇಡ ಹೇಳು. ಊರ ಮಕ್ಕಳಿಗೆಲ್ಲ ಪೆನ್ಸಿಲು ಹಿಡಿಯಲು ಕಲಿಸಿದವನು ಮೊಮ್ಮಗಳಿಗೆ ಮಾತ್ರ ಬೇಡವಾದೆನೇ ಎಂದು ಒಳಗೊಳಗೇ ಕುದ್ದೆ. ಮೂರು ಸಲ ಉತ್ತರ ಬರೆದು ಮೂರು ಸಲವೂ ಹರಿದೆ. ನಿಮ್ಮವ್ವ ನೋಡುವಷ್ಟು ನೋಡಿ, "ಹರದ್ ಹರದ್ ಪಡಸಾಲಿ ತುಂಬಸಬ್ಯಾಡ್ರಿ, ಒಲಿಗಿ ಹಾಕ್ರಿ. ಜಳಕದ ನೀರರ ಕಾಯ್ತಾವ" ಎಂದಳು.

ಈಗ ಸಿಟ್ಟಿಲ್ಲ. ಅದು ಹೇಗೆ ಇಳಿಯಿತು ಎಂದು ಹೇಳುವುದಕ್ಕೇ ಕುಳಿತಿದ್ದೇನೆ. ನಡುಮನೆಯಲ್ಲಿ, ನಿನಗೆ ಬಹುಮಾನ ಬಂದ ಚಿತ್ರವನ್ನು ತೂಗುಹಾಕಿದ್ದೆವಲ್ಲ, ಅದೇ ಗೋಡೆಗೆ ಒರಗಿದ್ದೇನೆ. ಚಿತ್ರ ಈಗ ಅಲ್ಲಿಲ್ಲ, ಚೌಕಟ್ಟಿನ ಗುರುತು ಮಾತ್ರ ಇದೆ. ಅದರ ವಿಷಯ ಕೊನೆಗೆ ಹೇಳುತ್ತೇನೆ.

ಜನವರಿಯಲ್ಲಿ ನಮ್ಮ ಶಾಲೆಗೆ ಒಂದು ಸುತ್ತೋಲೆ ಬಂತು. ತಾಲೂಕಿನ ಪ್ರಾಥಮಿಕ ಶಾಲೆಗಳ ಮಕ್ಕಳು ತಮ್ಮ ನಾಡಿನ ಕಲಾವಿದರನ್ನೂ ಕಲೆಯನ್ನೂ ನೋಡಿ, ತಾವೂ ಬರೆದು, ಬೈಲಹೊಂಗಲದ ಪ್ರದರ್ಶನಕ್ಕೆ ತರಬೇಕು ಎಂದು. ನಮ್ಮ ಹೆಡ್‌ಮಾಸ್ತರ ದುಂಡಪ್ಪನವರು ಸುತ್ತೋಲೆಯನ್ನು ನನ್ನ ಮೇಜಿನ ಮೇಲಿಟ್ಟು, "ಮಡಿವಾಳೆಪ್ಪನವರ, ಬರೂ ವರ್ಷ ನೀವು ರಿಟೈರ್ ಆಗವ್ರು. ಹೋಗೂದ್ರಾಗ ಸಾಲೀಗಿ ಒಂದ ಢಾಲ್ ತಂದ ಕೊಟ್ಟ ಹೋಗ್ರಿ" ಎಂದರು. ಮೊದಲ ಬಹುಮಾನದ ಆ ಢಾಲನ್ನು ನಾನು ಆಗಲೇ ಅವರ ಕಪಾಟಿನ ಮೇಲೆ ಕಂಡುಬಿಟ್ಟೆ.

ನಾನು ಕೂಡಿಟ್ಟಿದ್ದ ಹಳೆಯ ಕ್ಯಾಲೆಂಡರಿನ ಚಿತ್ರಗಳನ್ನೆಲ್ಲ ಒಯ್ದು ಐದನೆಯ ಇಯತ್ತೆಯ ಕಪ್ಪು ಹಲಗೆಯ ಮೇಲೆ ಅಂಟಿಸಿದೆ. ದೊಡ್ಡ ದೊಡ್ಡ ಕಲಾವಿದರು, ರಾಜರು, ದೇವರು. ಇವರ ಬಗ್ಗೆ ಒಂದು ತಾಸು ಮಾತಾಡಿದೆ. ಮಕ್ಕಳು ಆಕಳಿಸಿದರು. ಆಗ ಎರಡನೆಯ ಸಾಲಿನಲ್ಲಿ ಕುಳಿತಿದ್ದ ಬಾಯವ್ವ ಎಂಬ ಹುಡುಗಿ ಎದ್ದು ನಿಂತು ಕೇಳಿದಳು, "ಸರ, ಇವ್ರ ಕೈ ನೀವು ನೋಡೀರೇನ್ರಿ?"

"ಇಲ್ಲವಾ, ಎಲ್ಲಿಂದ ನೋಡಲಿ?"

"ನಮ್ಮ ಆಯಿ ಕೈ ಆದ್ರ ನೋಡಬಹುದ್ರಿ. ಅದರಾಗ ಚಿತ್ರನೂ ಅದಾವ."

ವರ್ಗವೆಲ್ಲ ನಕ್ಕಿತು, ನಾನೂ ನಕ್ಕೆ. ಶಾಲೆಯ ಹಳ್ಳಿಯಿಂದ ಮನೆಗೆ ಬರುವ ಬಸ್ಸಿನಲ್ಲಿ ಕುಳಿತು ಯೋಚಿಸಿದಾಗ ಹುಡುಗಿ ಹೇಳಿದ್ದು ಸರಿ ಅನ್ನಿಸಿತು. ಮರುದಿನ ಕ್ಯಾಲೆಂಡರು ಇಳಿಸಿದೆ. ನಿಮ್ಮ ನಿಮ್ಮ ಮನೆಯಲ್ಲಿ ಕೈಕೆಲಸ ಮಾಡಿದವರು ಯಾರೋ ಅವರೇ ನಿಮ್ಮ ಕಲಾವಿದರು, ಅವರನ್ನು ನೋಡಿ ಬರೆಯಿರಿ ಎಂದೆ. ಆಮೇಲೆ ನೋಡಬೇಕಿತ್ತು ನೀನು ಆ ವರ್ಗವನ್ನು! ಒಬ್ಬಳು ಅವ್ವನ ಕುಪ್ಪಸದ ಕಸೂತಿಯನ್ನು ಎಳೆ ಎಣಿಸಿ ಎಣಿಸಿ ಚೌಕುಳಿ ಹಾಳೆಯ ಮೇಲೆ ಇಳಿಸಿದಳು. ಇನ್ನಿಬ್ಬರು ಬಣ್ಣದ ಕಾಗದದ ತುಂಡು ಅಂಟಿಸಿ ಕೌದಿ ಮಾಡಿದರು. ಮತ್ತೊಬ್ಬಳು ಅಜ್ಜ ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡುವ ಎತ್ತುಗಳನ್ನು ಎರೆಮಣ್ಣಿನಲ್ಲಿ ಮಾಡಿ ತಂದಳು, ದಾರಿಯಲ್ಲಿ ಒಂದರ ಕೋಡು ಮುರಿಯಿತು ಎಂದು ಅತ್ತಳು. ಬಾಯವ್ವ ಮಾತ್ರ ಆಯಿಯ ಮೈಮೇಲಿನ ಹಚ್ಚೆಯನ್ನು ಬರೆದಳು.

ಆ ಅಜ್ಜಿಯ ಹೆಸರು ರಾಚವ್ವ. ಎಡ ಮುಂಗೈ ಮೇಲೆ ಒಂದು ತೊಟ್ಟಿಲ ಹಚ್ಚೆ ಇದೆ. ಹುಡುಗಿ ನಾಲ್ಕು ದಿನ ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಚುಕ್ಕೆ ಚುಕ್ಕೆಯಾಗಿ ಹಸಿರು ಶಾಯಿಯಲ್ಲಿ ಬರೆದು ತಂದಿದ್ದಳು. ಹಾಳೆ ನೋಡಿದ ಕೂಡಲೇ ಢಾಲು ನಮ್ಮದೇ ಎಂದುಕೊಂಡೆ. ಆದರೆ ಒಂದು ಕೊರತೆ ಇತ್ತು. ತೊಟ್ಟಿಲಿಗೆ ಎಡಗಡೆ ಹಗ್ಗವಿತ್ತು, ಬಲಗಡೆ ಇರಲಿಲ್ಲ. ಮೇಲಿನ ದಂಡಿಗೆಯೂ ಬಲಕ್ಕೆ ತುಸು ವಾಲಿತ್ತು.

ನಿನ್ನ ಅಪ್ಪನ ಕೈ ನಿನಗೆ ಗೊತ್ತು. ಮಕ್ಕಳ ಚಿತ್ರ ಸಿಕ್ಕರೆ ಸುಮ್ಮನಿರುವುದಿಲ್ಲ. ವಾರೆ ಇದ್ದದ್ದನ್ನು ನೆಟ್ಟಗೆ ಮಾಡುತ್ತದೆ, ಗೆರೆ ದಾಟಿದ ಬಣ್ಣವನ್ನು ಒಳಗೆ ತರುತ್ತದೆ. ಇಷ್ಟು ವರ್ಷ ಅದನ್ನೇ ಕಲಿಸುವುದು ಎಂದುಕೊಂಡಿದ್ದೆ. ಶನಿವಾರ ಮಧ್ಯಾಹ್ನ ಹಾಳೆಯನ್ನು ಮನೆಗೆ ತಂದು, ಅದೇ ಹಸಿರು ಶಾಯಿಯಲ್ಲಿ ಬಲಗಡೆಯ ಹಗ್ಗವನ್ನು ಚುಕ್ಕೆ ಚುಕ್ಕೆಯಾಗಿ ತುಂಬಿದೆ. ದಂಡಿಗೆಯನ್ನು ದಪ್ಪ ಬರೆದು ನೆಟ್ಟಗಾಗಿಸಿದೆ. ಯಾವುದು ಅವಳ ಚುಕ್ಕೆ, ಯಾವುದು ನನ್ನದು ಎಂದು ನನಗೇ ತಿಳಿಯದ ಹಾಗೆ ಮಾಡಿದೆ. ನಿಜ ಹೇಳಬೇಕೆಂದರೆ ಹೆಮ್ಮೆಯಾಯಿತು.

ಸೋಮವಾರ ಅದನ್ನು ರಟ್ಟಿಗೆ ಅಂಟಿಸಿ, ಕೆಳಗೆ ಹೆಸರಿನ ಚೀಟಿ ಹಚ್ಚಿ, ವರ್ಗದಲ್ಲಿ ಎತ್ತಿ ಹಿಡಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಬಾಯವ್ವ ಹತ್ತಿರ ಬಂದು ನೋಡಿದಳು. ಅಳಲಿಲ್ಲ, ಮುಖ ಸಿಂಡರಿಸಲಿಲ್ಲ. ಉಗುರಿನಿಂದ ತನ್ನ ಹೆಸರಿನ ಚೀಟಿಯನ್ನು ಮೆಲ್ಲಗೆ ಕಿತ್ತು ಕೈಯಲ್ಲಿ ಇಟ್ಟುಕೊಂಡಳು.

"ಇದು ನಂದಲ್ರಿ ಸರ. ನಮ್ಮ ಆಯಿ ಕೈಯಾಗ ಈ ಹಗ್ಗ ಇಲ್ರಿ."

"ಹಗ್ಗ ಇಲ್ಲದ ತೊಟ್ಲ ನಿಲ್ಲತೈತೇನವಾ?"

"ಆಯಿ ಕೈಯಾಗ ನಿಂತೈತಲ್ರಿ" ಎಂದು ಹೋಗಿ ತನ್ನ ಜಾಗದಲ್ಲಿ ಕುಳಿತಳು.

ಪ್ರದರ್ಶನಕ್ಕೆ ಮೂರು ದಿನ ಉಳಿದಿತ್ತು. ದುಂಡಪ್ಪನವರು, "ಸಣ್ಣ ಹುಡುಗಿ, ಒಂದ ಪೆಪ್ಪರಮೆಂಟ ಕೊಟ್ರ ಮರೀತಾಳ. ಚೀಟಿ ನಾ ಹಚ್ತೇನಿ ತರ್ರಿ" ಎಂದರು. ನಾನೂ ಹೂಂ ಎನ್ನುವವನಿದ್ದೆ. ಆದರೆ ಚೀಟಿ ಕಿತ್ತಾಗ ಅವಳು ನನ್ನನ್ನು ನೋಡಿದ ರೀತಿ ಎಲ್ಲೋ ನೋಡಿದ ಹಾಗಿತ್ತು. ಅಂದು ಸಂಜೆ ಬಸ್ ಬಿಟ್ಟು ಅವರ ಮನೆಗೆ ಹೋದೆ.

ರಾಚವ್ವ ಕಟ್ಟೆಯ ಮೇಲೆ ಕುಳಿತು ಕಡಲೆ ಹಸನು ಮಾಡುತ್ತಿದ್ದಳು. ಬಂದ ಕಾರಣ ಹೇಳಿದ್ದಕ್ಕೆ ಜೋರಾಗಿ ನಕ್ಕು, ತೋಳು ಮುಂದೆ ಚಾಚಿದಳು. ಹೌದು, ಬಲಗಡೆ ಹಗ್ಗವಿಲ್ಲ. ದಂಡಿಗೆ ವಾಲಿದ್ದೂ ಹಾಗೆಯೇ. ಹುಡುಗಿ ಒಂದು ಚುಕ್ಕೆಯನ್ನೂ ಬಿಟ್ಟಿರಲಿಲ್ಲ.

"ನಂಗ ಆಗ ಒಂಬತ್ತೋ ಹತ್ತೋ ವರ್ಷ್ರಿ ಮಾಸ್ತರ. ಲಗ್ನ ನಿಶ್ಚೆ ಆಗಿತ್ತು. ಹಚ್ಚಿ ಇಲ್ದ ಅತ್ತಿ ಮನಿಗೆ ಕಳಸ್ತಾರೇನು? ಬೇವಿನ ಗಿಡದ ಕೆಳಗ ಕುಂದ್ರಿಸಿ ಇಬ್ಬರು ಹಿಡಕೊಂಡ್ರು. ತೊಟ್ಲ ಆತು, ಒಂದ ಹಗ್ಗ ಆತು. ಉರಿ ತಡೀಲಿಲ್ಲ ನನಗ. ಚುಚ್ಚಾಕೀ ಕೈ ಕಚ್ಚಿ ಎದ್ದ ಓಡಿದೆ ನೋಡ್ರಿ! ಜ್ವಾಳದ ಹೊಲದಾಗ ಹೊಕ್ಕಾಕಿ ಸಂಜೀತನಕ ಹೊರಗ ಬರಲಿಲ್ಲ. ಅಕಿ ಮರುದಿನ ಬ್ಯಾರೆ ಊರಿಗೆ ಹೋದ್ಲು, ಮತ್ತ ಬರಲಿಲ್ಲ."

"ಅತ್ತಿ ಮನ್ಯಾಗ ಏನಂದ್ರು?" ಎಂದು ಕೇಳಿದೆ.

"ಒಂದ ಹಗ್ಗದಾಕಿ ಅಂತ ಹೆಸರಿಟ್ರು. ಈ ತೊಟ್ಲಾಗ ಕೂಸು ನಿಲ್ಲಾಂಗಿಲ್ಲ ಅಂತ ನಮ್ಮತ್ತಿ ಅತ್ತದ್ದ ಅತ್ತದ್ದು. ಆರು ಹಡದೆ. ಆರೂ ಗಟ್ಟಿ ಅದಾವ." ಮೊರದಿಂದ ಒಂದು ಹರಳು ತೆಗೆದು ಎಸೆದಳು. ಆಮೇಲೆ ನಗು ಬಿಟ್ಟು ಹೇಳಿದಳು, "ಅಪ್ಪ ಹೇಳಿದ್ದ ಮಾಡೀನಿ, ಅತ್ತಿ ಹೇಳಿದ್ದ ಮಾಡೀನಿ, ಗಂಡ ಹೇಳಿದ್ದ ಮಾಡೀನಿ. ಈ ಜನ್ಮದಾಗ ನಾ ಒಲ್ಲೆ ಅಂತ ಎದ್ದ ಓಡಿದ್ದು ಅದೊಂದ ಸಲ್ರಿ. ಅದರ ಗುರ್ತು ಇದು. ಇಕಿಗೆ ಸಣ್ಣಾಕಿದ್ದಾಗಿಂದ ಹೇಳೀನಿ. ನೀವು ಹಗ್ಗ ಹಾಕಿಬಿಟ್ರ ನಾ ಓಡಲೇ ಇಲ್ಲ ಅಂದಂಗ ಆತಲ್ರಿ ಮಾಸ್ತರ?"

ಕೊಟ್ಟ ಚಹಾ ಕುಡಿದು ಕೊನೆಯ ಬಸ್ಸಿಗೆ ಬಂದೆ.

ಮರುದಿನ ಬಾಯವ್ವನನ್ನು ಕರೆದು, ತಪ್ಪು ನನ್ನದು, ಇನ್ನೊಮ್ಮೆ ಬರೆಯುತ್ತೀಯಾ ಎಂದು ಕೇಳಿದೆ. "ಬರೀತೇನ್ರಿ. ಆದ್ರ ನೀವು ಹೊರಗ ನಿಂದ್ರಬೇಕ್ರಿ" ಎಂದಳು. ನಿಂತೆ. ಗಂಟೆ ತೂಗುಹಾಕಿದ ಕಂಬದ ಹತ್ತಿರ, ನನ್ನದೇ ವರ್ಗದ ಹೊರಗೆ, ಎರಡು ತಾಸು. ಆಯಿಯ ಕೈ ಅವಳಿಗೆ ಆಗಲೇ ಬಾಯಿಪಾಠವಾಗಿತ್ತು. ದುಂಡಪ್ಪನವರು ಹಾದುಹೋಗುತ್ತ, "ಏನ್ರೀ, ಹುಡುಗ್ರು ನಿಮ್ಮನ್ನ ಹೊರಗ ಹಾಕ್ಯಾರೇನು?" ಎಂದರು. ಹೌದ್ರಿ, ಹಾಕ್ಯಾರ ಎಂದೆ. ಒಳಗಿನಿಂದ ಬಾಯವ್ವ ತಂದು ಕೊಟ್ಟ ಹಾಳೆಯ ಕೆಳಗೆ ಚೀಟಿಯನ್ನೂ ತಾನೇ ಬರೆದು ಅಂಟಿಸಿದ್ದಳು: "ಚುಚ್ಚಿದವಳು: ಹೆಸರು ಗೊತ್ತಿಲ್ಲ. ಓಡಿದವಳು: ರಾಚವ್ವ. ಬರೆದವಳು: ಬಾಯವ್ವ, ಐದನೆಯ ಇಯತ್ತೆ." ಮೂರು ಕಡೆ ಅಕ್ಷರ ವಾರೆಯಾಗಿತ್ತು. ನಾನು ಮುಟ್ಟಲಿಲ್ಲ.

ಪ್ರದರ್ಶನದ ದಿನ ಧಾರವಾಡದ ಕಡೆಯ ಒಬ್ಬ ಪರೀಕ್ಷಕರು ಬಂದಿದ್ದರು. ಆ ಚಿತ್ರದ ಮುಂದೆ ನಿಂತು, "ಛಲೋ ಬರದಾಳ ಹುಡುಗಿ, ಆದ್ರ ಒಂದ ಹಗ್ಗ ಮರತಾಳಲ್ಲ. ನೀವು ನೋಡಿ ತಿದ್ದಲಿಲ್ಲೇನ್ರಿ ಮಾಸ್ತರ?" ಎಂದರು. ಬಾಯವ್ವ ನನ್ನ ಪಕ್ಕದಲ್ಲೇ ನಿಂತು ನನ್ನ ಮುಖ ನೋಡುತ್ತಿದ್ದಳು. "ಅಕಿ ಮರತಿಲ್ರಿ. ಅಕೀನ್ನ ಕೇಳ್ರಿ, ಅಕಿ ಹೇಳೂದು ಖರೆ" ಎಂದೆ. ಅವಳು ಆಯಿ ಕಚ್ಚಿದ್ದು, ಓಡಿದ್ದು, ಜೋಳದ ಹೊಲ, ಎಲ್ಲವನ್ನೂ ಕೈ ತಿರುವಿ ತಿರುವಿ ಹೇಳಿದಳು. ಅವರು ನಕ್ಕು ಮುಂದೆ ಹೋದರು.

ಢಾಲು ಇನ್ನೊಂದು ಶಾಲೆಗೆ ಹೋಯಿತು. ದುಂಡಪ್ಪನವರು ಎರಡು ದಿನ ನನ್ನೊಡನೆ ಬಿಗಿಯಾಗಿದ್ದರು. ಬಾಯವ್ವನಿಗೆ ಅದರ ಚಿಂತೆಯೇ ಇರಲಿಲ್ಲ. ಅವಳ ಆಯಿ ಮಧ್ಯಾಹ್ನದ ಬಸ್ಸಿಗೆ ಬಂದು, ಚಿತ್ರದ ಪಕ್ಕದಲ್ಲಿ ತೋಳಿಟ್ಟು ಬಂದವರಿಗೆಲ್ಲ ತೋರಿಸುತ್ತ ಸಂಜೆಯವರೆಗೂ ನಿಂತಿದ್ದಳು. ಇಬ್ಬರೂ ಚುರುಮರಿ ತಿನ್ನುತ್ತ ಬಸ್ಸು ಹತ್ತಿದರು.

ಆ ದಿನ ಮನೆಗೆ ಬಂದು ನಿನ್ನ ಎರಡು ಸಾಲನ್ನು ಮತ್ತೆ ಓದಿದೆ. ಈ ಸಲ ಸಿಟ್ಟು ಬರಲಿಲ್ಲ. ನೀನು ನನ್ನನ್ನು ದೂರ ಇಡಲು ಬರೆದದ್ದಲ್ಲ, ನಿನ್ನ ಮಗಳ ಕೈಯನ್ನು ಕಾಯಲು ಬರೆದದ್ದು ಎಂದು ತಿಳಿಯಿತು. ಮಧುವನ್ನು ಕಳಿಸು ಎಂದು ಕೇಳುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ನೀನೇ ಹೇಳಬೇಕು. ಕಳಿಸಿದರೆ ನಾನು ಪೆನ್ಸಿಲು ಚೂಪು ಮಾಡಿಕೊಡುತ್ತೇನೆ, ಅಷ್ಟೇ. ಹಿತ್ತಲ ಗೋಡೆಗೆ ಸುಣ್ಣ ಹೊಡೆಸಿದ್ದೇನೆ. ಇದ್ದಿಲು ನಿಮ್ಮವ್ವನ ಒಲೆಯಲ್ಲಿ ಬೇಕಾದಷ್ಟಿದೆ. ಅವಳು ಬರೆಯುವಾಗ ನಾನು ಬೇಕಾದರೆ ಓಣಿಯ ತುದಿಯವರೆಗೆ ಹೋಗಿ ನಿಲ್ಲುತ್ತೇನೆ.

ಬಿಸಿಲಿನಲ್ಲಿ ತಿರುಗಬೇಡ. ಮಹಾದೇವ ಅವರಿಗೆ ನನ್ನ ಶರಣು ತಿಳಿಸು. ಮಧುವಿಗೆ ನಮ್ಮಿಬ್ಬರ ಮುದ್ದು. ನೀವು ಮೂವರೂ ನೂರು ಕಾಲ ನಗುನಗುತ್ತಾ ಇರಿ ಎಂದು ಹರಸುವ,

ನಿನ್ನ ಅಪ್ಪ
ಮಡಿವಾಳೆಪ್ಪ

ತಾ. ಕ.: ಸಹಿ ಹಾಕಿದ ಮೇಲೆ ಪತ್ರವನ್ನು ನಿಮ್ಮವ್ವನಿಗೆ ಓದಿ ಹೇಳಿದೆ. ಎಲ್ಲ ಕೇಳಿ, "ಬಾಯವ್ವಂದು ಬರದೀರಿ. ರಾಜೀದು ಎಲ್ಲಿ ಐತಿ?" ಎಂದಳು. ಆದ್ದರಿಂದ ಮತ್ತೆ ಪೆನ್ನು ಹಿಡಿದೆ.

ಎಪ್ಪತ್ತೊಂಬತ್ತರಲ್ಲಿ ನಾವು ಸವದತ್ತಿಯಲ್ಲಿದ್ದೆವು, ನಿನಗೆ ಒಂಬತ್ತು ವರ್ಷ. ಅವ್ವ ರೊಟ್ಟಿ ಬಡಿಯುವ ಚಿತ್ರವನ್ನು ಮೇಣದ ಬಣ್ಣದ ಕಡ್ಡಿಯಲ್ಲಿ ಬರೆದು, ಮೊದಲು ನನಗೇ ತೋರಿಸಲು ಓಡಿ ಬಂದಿದ್ದೆ. ಅವ್ವನ ಕೈಗಳನ್ನು ಅವಳ ತಲೆಗಿಂತ ದೊಡ್ಡದಾಗಿ ಬರೆದಿದ್ದೆ. ನಾನು ನಿನ್ನನ್ನು ಕೇಳದೆ ಅವುಗಳ ಮೇಲೆ ಪೋಸ್ಟರ್ ಬಣ್ಣ ಬಳಿದು, ಅಚ್ಚುಕಟ್ಟಾದ ಎರಡು ಸಣ್ಣ ಕೈ ಬರೆದು ಬೆಳಗಾವಿಯ ಸ್ಪರ್ಧೆಗೆ ಕಳಿಸಿದೆ. ಮೊದಲ ಬಹುಮಾನ ಬಂತು. ವೇದಿಕೆಯ ಮೇಲೆ ಬಹುಮಾನ ಕೊಡಲು ಬಂದ ಸಾಹೇಬರು, "ಕೈ ಭಾಳ ಚಂದ ಬರದೀಯವಾ" ಎಂದಾಗ ನೀನು, "ಕೈ ನಮ್ಮಪ್ಪ ಬರದಾರ್ರಿ" ಎಂದೆ. ಮಾಸ್ತರನ ಮಾನ ಹೋಗುತ್ತದೆ ಎಂದು ನಾನು ನಕ್ಕು, "ಸುಳ್ಳ ಹೇಳತಾಳ್ರಿ ಸಾಹೇಬ್ರ, ನಾಚಿಗಿ ಅಕಿಗೆ" ಎಂದುಬಿಟ್ಟೆ. ಸಭೆಯೆಲ್ಲ ನಕ್ಕಿತು. ಆಗ ನೀನು ನನ್ನನ್ನು ನೋಡಿದ ರೀತಿಯನ್ನೇ ನಾನು ಮೊನ್ನೆ ಬಾಯವ್ವನ ಮುಖದಲ್ಲಿ ಕಂಡದ್ದು. ಬಸ್ಸಿನಲ್ಲಿ ನೀನು ಬಣ್ಣದ ಡಬ್ಬಿಯನ್ನು ನನ್ನ ಚೀಲದಲ್ಲಿ ಇಟ್ಟೆ, ಮತ್ತೆ ಎಂದೂ ಕೇಳಲಿಲ್ಲ. ಕೇಳಿದವರಿಗೆಲ್ಲ ನಾನು, ಹುಡುಗಿಗೆ ಓದಿನ ಕಡೆ ಲಕ್ಷ್ಯ ಹೋಯಿತು ಎಂದು ಹೇಳುತ್ತ ಬಂದೆ. ಇಪ್ಪತ್ತು ವರ್ಷ ಹೇಳಿದೆ.

ಹೋದ ಶುಕ್ರವಾರ ಚಿತ್ರವನ್ನು ಚೌಕಟ್ಟಿನಿಂದ ಬಿಡಿಸಿ, ಅರಳೆಯನ್ನು ನೀರಿನಲ್ಲಿ ಅದ್ದಿ ನನ್ನ ಬಣ್ಣವನ್ನು ಒರೆಸಿದೆ. ಪೋಸ್ಟರ್ ಬಣ್ಣ ನೀರಿಗೆ ಬಿಡುತ್ತದೆ, ಮೇಣ ಬಿಡುವುದಿಲ್ಲ. ಅದನ್ನು ಮಕ್ಕಳಿಗೆ ವರ್ಷಾ ವರ್ಷಾ ಕಲಿಸಿದವನು ನಾನೇ. ಕೆಳಗಿನಿಂದ ನಿನ್ನ ಕೈಗಳು ಬಂದವು, ಹಳದಿ, ಮೊರದಷ್ಟು ಅಗಲ, ಒಂದಕ್ಕೆ ಆರು ಬೆರಳು. ಸುತ್ತಲಿನ ಹಾಳೆ ತುಸು ಕಂದಿದೆ. ಕೈಗಳಿಗೆ ಏನೂ ಆಗಿಲ್ಲ.

ನಿಮ್ಮವ್ವ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಬಹಳ ಹೊತ್ತು ನೋಡಿದಳು. "ಇವು ನನ್ನ ಕೈ" ಎಂದಳು. ಆಮೇಲೆ, "ಇಷ್ಟ ವರ್ಷ ಗ್ವಾಡಿ ಮ್ಯಾಲಿದ್ವಲ್ಲ, ಅವು ಯಾರ್ವು?" ಎಂದು ಕೇಳಿದಳು. ಅವಳಿಗೆ ಎಲ್ಲವನ್ನೂ ಹೇಳಿದೆ. ನೀನು ಅವಳಿಗೂ ಹೇಳಿರಲಿಲ್ಲ ಎಂದು ನನಗೆ ಅಂದೇ ಗೊತ್ತಾಯಿತು.

ಅಂದು ವೇದಿಕೆಯ ಮೇಲೆ ಸುಳ್ಳು ಹೇಳಿದವನು ನಾನು ರಾಜಿ. ನೀನು ಹೇಳಿದ್ದು ಖರೆ.

ಚಿತ್ರವನ್ನು ಸುರುಳಿ ಮಾಡಿ ಇದರ ಜೊತೆ ಕಳಿಸುತ್ತಿದ್ದೇನೆ. ಹಿಂದುಗಡೆ ನಿನ್ನ ಹೆಸರ ಅಕ್ಷರಗಳೂ ನನ್ನವೇ ಆಗಿದ್ದವು, ಹೊಡೆದು ಹಾಕಿದ್ದೇನೆ. ಕೆಳಗೆ ಜಾಗ ಬಿಟ್ಟಿದ್ದೇನೆ. ಚಿತ್ರ ನಿನ್ನದು ಅನ್ನಿಸಿದರೆ ಹೆಸರು ನೀನೇ ಬರೆದುಕೋ.